ನಾದಾನುಸಂಧಾನಕ್ಕೆ ಮುನ್ನ

ಹದಿನೈದನೆಯ ಶತಮಾನದಲ್ಲಿ ಸ್ವಾತ್ಮಾರಾಮನು ರಚಿಸಿದ ಹಠಯೋಗಪ್ರದೀಪಿಕೆಯ ಕೊನೆಯ ಉಪದೇಶದಲ್ಲಿ ನಾದಾನುಸಂಧಾನವೆಂಬ ಸಾಧನೆಯು ವಿಸ್ತಾರವಾಗಿ ನಿರೂಪಿತವಾಗಿದೆ. ಕಿವಿಗಳನ್ನು ಮುಚ್ಚಿ ಕುಳಿತ ಸಾಧಕನಿಗೆ ಮೊದಲು ಸಮುದ್ರ, ಮೇಘ, ಭೇರಿಗಳ ಘೋಷವೂ, ಬಳಿಕ ಮದ್ದಳೆ, ಶಂಖ, ಘಂಟೆಗಳ ನಾದವೂ, ಕಡೆಗೆ ಕಿಂಕಿಣಿ, ಕೊಳಲು, ವೀಣೆ, ಭ್ರಮರಗಳ ಸೂಕ್ಷ್ಮಧ್ವನಿಯೂ ಕೇಳಿಬರುವುವೆಂದು ಅದರ ಮತ. ಕಾಪುವಿನ ಕಡಲನ್ನೂ, ಯಕ್ಷಗಾನದ ಆಟದ ಮದ್ದಳೆಯನ್ನೂ, ಕೃಷ್ಣಮಠದ ಘಂಟೆಯನ್ನೂ ಬಾಲ್ಯದಿಂದ ಕೇಳಿದ ಉಡುಪಿ ಸೀಮೆಯವನಿಗೆ ಈ ಪಟ್ಟಿಯಲ್ಲಿ ಅಪರಿಚಿತವಾದುದು ಬಹಳವಿಲ್ಲ. ಆದರೆ ಇಂತಹ ಶಬ್ದಗಳು ಕೇಳಿದ ಮಾತ್ರಕ್ಕೆ ಸಾಧನೆಯು ಫಲಿಸಿತೆಂದು ಬಗೆಯುವುದು ಅವಸರದ ತೀರ್ಮಾನವಾದೀತು.

ಮಣಿಪಾಲದ ಗುಡ್ಡದ ಮೇಲೆ ಡಾ. ಟಿ. ಎಂ. ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದ 1953ರಲ್ಲಿಯೇ, ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಶೋಧಕರು ಒಂದು ಸರಳವಾದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಶ್ರವಣದೋಷವಿಲ್ಲದ 80 ಮಂದಿಯನ್ನು ನಿಶ್ಶಬ್ದವಾದ ಕೋಣೆಯಲ್ಲಿ ಕೆಲವು ನಿಮಿಷ ಕುಳ್ಳಿರಿಸಿ, ಕೇಳಿದುದನ್ನು ಬರೆದಿಡಹೇಳಿದಾಗ, ಅವರಲ್ಲಿ ನೂರಕ್ಕೆ 94ರಷ್ಟು ಮಂದಿ ಗುಂಯ್‌ಕಾರವೋ ಝೇಂಕಾರವೋ ಏನಾದರೊಂದು ಧ್ವನಿಯನ್ನು ಕೇಳಿದೆವೆಂದರು. ಅವರಾರೂ ಯೋಗಿಗಳಲ್ಲ. ಹೊರಗಿನ ಸದ್ದು ಅಡಗಿದಾಗ ಮಿದುಳು ತನ್ನ ಶ್ರವಣಮಾರ್ಗದ ಸಂವೇದನೆಯನ್ನು ಹೆಚ್ಚಿಸಿಕೊಳ್ಳುತ್ತದೆಂದೂ, ನರತಂತುಗಳಲ್ಲಿ ಸದಾ ನಡೆದಿರುವ ಸ್ವಯಂಸ್ಫುರಣವೇ ಆಗ ಧ್ವನಿಯಾಗಿ ತೋರುತ್ತದೆಂದೂ ಶ್ರವಣವಿಜ್ಞಾನಿಗಳು ವಿವರಿಸುತ್ತಾರೆ. ಇದಕ್ಕಿಂತಲೂ ವಿಸ್ಮಯಕರವಾದ ಸಂಗತಿಯನ್ನು 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ತೋರಿಸಿಕೊಟ್ಟರು: ಒಳಗಿವಿಯ ಕಾಕ್ಲಿಯಾದೊಳಗಿನ ರೋಮಕೋಶಗಳು ಹೊರಗಿನ ಧ್ವನಿಯನ್ನು ಗ್ರಹಿಸುವುದಷ್ಟೇ ಅಲ್ಲದೆ ತಾವೂ ಸೂಕ್ಷ್ಮವಾದ ಧ್ವನಿಯನ್ನು ಹೊರಡಿಸುತ್ತವೆ, ಕಿವಿಯೊಳಗಿರಿಸಿದ ಪುಟ್ಟ ಮೈಕ್ರೊಫೋನಿಗೆ ಅದು ಸಿಕ್ಕುತ್ತದೆ. ನವಜಾತ ಶಿಶುಗಳ ಶ್ರವಣಪರೀಕ್ಷೆಯು ಇಂದು ಬಹುಮಟ್ಟಿಗೆ ಈ ತತ್ತ್ವವನ್ನೇ ಆಶ್ರಯಿಸಿದೆ.

ಬೆರಳಿಂದ ಕಿವಿ ಮುಚ್ಚಿದೊಡನೆ ಕೇಳುವ ಕಡಲಿನಂತಹ ಮೊರೆತಕ್ಕಾದರೋ ಬೇರೊಂದು ಕಾರಣವುಂಟು. 1809ರಲ್ಲಿ ವಿಲಿಯಂ ವೊಲಾಸ್ಟನ್ ಎಂಬ ಆಂಗ್ಲ ವಿಜ್ಞಾನಿಯು ಇದು ತೋಳು ಬೆರಳುಗಳ ಮಾಂಸಖಂಡಗಳು ಬಿಗಿದಾಗ ಉಂಟಾಗುವ ಕಂಪನವೆಂದು ವಾದಿಸಿ, ಸೆಕೆಂಡಿಗೆ ಸುಮಾರು 20ರಿಂದ 30 ಕಂಪನಗಳೆಂದು ಅದರ ವೇಗವನ್ನೂ ಅಂದಾಜು ಮಾಡಿದನು. ಕಿವಿಯ ದ್ವಾರ ಮುಚ್ಚಿದಾಗ ಎಲುಬಿನ ಮೂಲಕ ಬರುವ ಮಂದ್ರಧ್ವನಿಗಳು ಹೊರಕ್ಕೆ ಹೋಗಲಾರದೆ ಪ್ರಬಲವಾಗುತ್ತವೆ. ಎಂದಮೇಲೆ, ಸಾಧಕನು ಬೆರಳನ್ನು ಬಲವಾಗಿ ಒತ್ತಿದಷ್ಟೂ ಸಮುದ್ರಘೋಷವು ಜೋರಾಗಿ, ಅದರಾಚೆಯ ಸೂಕ್ಷ್ಮಧ್ವನಿಯು ಮರೆಯಾಗುವುದು ಸಹಜವೇ.

ಶರೀರದ ಸಿದ್ಧತೆಯೆಂದು ಗ್ರಂಥಗಳು ವಿಧಿಸಿದುದರ ಅರ್ಥವು ಇಲ್ಲಿ ತಿಳಿಯಾಗುತ್ತದೆ. ದೇಹವು ತಾನೇ ಎಬ್ಬಿಸುವ ಗದ್ದಲವನ್ನು ಒಂದೊಂದಾಗಿ ತಗ್ಗಿಸುವುದೇ ಆಸನ, ಆಹಾರ, ಪ್ರಾಣಾಯಾಮಗಳ ಕೆಲಸವೆಂದು ನನಗೆ ತೋರುತ್ತದೆ. ಪೃಷ್ಠದ ಕೆಳಗೆ ಮಡಿಸಿದ ಕಂಬಳಿಯೊಂದನ್ನಿಟ್ಟು ಬೆನ್ನನ್ನು ನೆಟ್ಟಗಾಗಿಸಿ ಕುಳಿತರೆ, ಶರೀರದ ಭಾರವು ಎಲುಬಿನ ಕಂಬದ ಮೇಲೆ ನಿಂತು ಮಾಂಸಖಂಡಗಳ ದುಡಿಮೆ ಕಡಿಮೆಯಾಗುತ್ತದೆ. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಿತನಾದ ಗೊಮ್ಮಟನು ಕುಳಿತಿಲ್ಲ, ನಿಂತಿದ್ದಾನೆ. ಆದರೂ ಆ ಕಾಯೋತ್ಸರ್ಗದ ನಿಲವಿನಲ್ಲಿ ಇಳಿಬಿದ್ದ ತೋಳುಗಳನ್ನೂ ಬಿಗಿತವಿಲ್ಲದ ಗಲ್ಲವನ್ನೂ ಒಮ್ಮೆ ಗಮನವಿಟ್ಟು ನೋಡಿ ಬಂದವನಿಗೆ ಹೆಚ್ಚಿನ ವಿವರಣೆ ಬೇಡ. ದವಡೆಯ ವಿಚಾರವನ್ನು ವಿಶೇಷವಾಗಿ ಹೇಳಬೇಕು: ಹಲ್ಲು ಕಚ್ಚಿದಾಗ ಕಿವಿಯೊಳಗಿನ ಶಬ್ದವು ಬದಲಾಗುವುದುಂಟೆಂಬುದು ವೈದ್ಯರಿಗೆ ತಿಳಿದಿರುವ ವಿಷಯ.

ಆಹಾರದ ಪ್ರಕರಣಕ್ಕೆ ಬಂದರೆ ಉಡುಪಿಯವರಿಗೆ ಸ್ವಲ್ಪ ಸಂಕಟವಿದೆ. ಹಠಯೋಗಪ್ರದೀಪಿಕೆಯು ಅಪಥ್ಯವೆಂದು ಎಣಿಸಿದ ಪದಾರ್ಥಗಳಲ್ಲಿ ಇಂಗು, ಸಾಸಿವೆ, ಹುರುಳಿ, ಮೊಸರು, ಮಜ್ಜಿಗೆ, ಹುಳಿ, ಖಾರ, ಮೀನು ಎಲ್ಲವೂ ಸೇರಿವೆ. ಇಂಗಿಲ್ಲದ ಸಾರು, ಸಾಸಿವೆಯಿಲ್ಲದ ಒಗ್ಗರಣೆ, ಮಜ್ಜಿಗೆಯಿಲ್ಲದ ಊಟದ ಕೊನೆ! ಕಾಪು ಮಲ್ಪೆಗಳ ಕಡೆ ಮೀನನ್ನು ಬಿಡಹೇಳುವ ಧೈರ್ಯವಂತೂ ಯಾರಿಗಿದೆ? ಈ ನಿಷೇಧಗಳಿಗೆಲ್ಲ ಶಾರೀರಶಾಸ್ತ್ರದ ಬೆಂಬಲವಿದೆಯೆಂದು ನಾನು ಹೇಳಲಾರೆ. ಆದರೆ ಹೊಟ್ಟೆಯ ನಾಲ್ಕನೆಯ ಒಂದು ಭಾಗವನ್ನು ಬರಿದಾಗಿಡಬೇಕೆಂಬ ಮಿತಾಹಾರದ ನಿಯಮವು ಯುಕ್ತವಾಗಿದೆ. ಭೂರಿಭೋಜನದ ಬಳಿಕ ಜೀರ್ಣಾಂಗಗಳಿಗೆ ರಕ್ತದ ಹರಿವು ಹೆಚ್ಚಿ, ಹೃದಯದ ಬಡಿತ ಚುರುಕಾಗಿ, ಕರುಳಿನ ಗುಡುಗುಡು ಆರಂಭವಾಗಿ, ಇವುಗಳೊಡನೆ ತೂಕಡಿಕೆಯೂ ಬರುವುದಷ್ಟೆ.

ಉಸಿರಿನ ಸಿದ್ಧತೆಯೇ ಇವೆಲ್ಲಕ್ಕಿಂತ ಮುಖ್ಯವಾದುದು. ಎಡಬಲ ಹೊಳ್ಳೆಗಳಲ್ಲಿ ಸರದಿಯಂತೆ ಉಸಿರಾಡುವ ನಾಡೀಶೋಧನವನ್ನು ನಿಯಮದಿಂದ ಮಾಡಿದರೆ ಮೂರು ತಿಂಗಳಿಗೆ ಮೇಲ್ಪಟ್ಟು ನಾಡಿಗಳು ನಿರ್ಮಲವಾಗುವುವೆಂದೂ, ನಾದದ ಸ್ಫುಟತೆಯು ಸಿದ್ಧಿಯ ಲಕ್ಷಣಗಳಲ್ಲಿ ಒಂದೆಂದೂ ಗ್ರಂಥವು ಹೇಳುತ್ತದೆ. ಇಟಲಿಯ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ, ಜಪಮಾಲೆಯ ಪ್ರಾರ್ಥನೆಯೂ ಮಂತ್ರಪಠನವೂ ಉಸಿರಾಟವನ್ನು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಸುತ್ತವೆಂದೂ, ಆ ಲಯದಲ್ಲಿ ಹೃದಯದ ಬಡಿತ ಮತ್ತು ರಕ್ತದೊತ್ತಡಗಳ ಏರಿಳಿತವು ಉಸಿರಿನೊಡನೆ ಹೊಂದಿಕೊಳ್ಳುತ್ತದೆಂದೂ ಕಂಡುಕೊಂಡರು. ದೀರ್ಘವಾದ ರೇಚಕದಲ್ಲಿ, ಎಂದರೆ ಉಸಿರನ್ನು ಹೊರಬಿಡುವಾಗ, ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯವು ನಿಧಾನಿಸುತ್ತದೆ. ಭ್ರಾಮರಿ ಪ್ರಾಣಾಯಾಮದ ಗುಂಜನದ ವಿಚಾರವಾಗಿ ಸ್ವೀಡನ್ನಿನಿಂದ 2002ರಲ್ಲಿ ಬಂದ ವರದಿಯೊಂದುಂಟು: ಮೂಗಿನಿಂದ ಗುನುಗುತ್ತ ಉಸಿರು ಬಿಟ್ಟಾಗ ಹೊರಬರುವ ನೈಟ್ರಿಕ್ ಆಕ್ಸೈಡ್ ಸಾಮಾನ್ಯ ನಿಶ್ವಾಸದಲ್ಲಿರುವುದಕ್ಕಿಂತ 15 ಪಟ್ಟು ಹೆಚ್ಚು. ಅದರಿಂದ ಧ್ಯಾನಕ್ಕೇನು ಲಾಭವೆಂಬುದು ಬೇರೆಯ ಪ್ರಶ್ನೆ.

ಮನಸ್ಸಿನ ಸಿದ್ಧತೆಯೆಂದರೆ ನಿರೀಕ್ಷೆಯನ್ನು ಬಿಡುವುದು. ಇಂದು ಶಂಖ ಕೇಳಿತು, ನಾಳೆ ವೀಣೆ ಕೇಳಬೇಕೆಂದು ಕಾದು ಕುಳಿತವನಿಗೆ ಮಿದುಳು ಬೇಡಿದುದನ್ನೇ ಒದಗಿಸಿ ಕೊಡುತ್ತದೆ. ಕೇಳಿದ ಶಬ್ದಕ್ಕೆ ಭಯಪಡುವವನ ಸ್ಥಿತಿಯು ಇನ್ನೂ ಕಷ್ಟ; ಹೊರಗಿನ ಸದ್ದಿಲ್ಲದೆ ಕಿವಿಯಲ್ಲಿ ಶಬ್ದ ಕೇಳುವ ಕರ್ಣನಾದದ ರೋಗಿಗಳಲ್ಲಿ ಶಬ್ದಕ್ಕಿಂತ ಅದರ ಮೇಲಿನ ಚಿಂತೆಯೇ ನಿದ್ರೆಯನ್ನು ಕೆಡಿಸುವುದುಂಟು. ಒಂದೇ ಕಿವಿಯಲ್ಲಿ ಎಡೆಬಿಡದೆ ಕೇಳುವ ಶಬ್ದ, ನಾಡಿಯ ಬಡಿತದೊಡನೆ ಮಿಡಿಯುವ ಶಬ್ದ, ತಲೆಸುತ್ತು, ಥಟ್ಟನೆ ಮಂದವಾದ ಕಿವಿ, ಇವುಗಳಲ್ಲಿ ಯಾವುದಾದರೂ ಇದ್ದರೆ ಗುರುವಿಗಿಂತ ಮೊದಲು ಕಿವಿಯ ವೈದ್ಯರನ್ನು ಕಾಣತಕ್ಕದ್ದು. ರಾತ್ರಿಯಿಡೀ ಚೆಂಡೆಯ ಮಗ್ಗುಲಲ್ಲಿ ಕುಳಿತು ಆಟ ನೋಡಿದ ಮರುದಿನದ ಗುಂಯ್‌ಗುಟ್ಟುವಿಕೆಯು ಬಳಲಿದ ರೋಮಕೋಶಗಳ ದೂರೇ ಹೊರತು ಸಾಧಕರು ಅರಸುವ ಅನಾಹತನಾದವಲ್ಲ. ಬೆರಳುಗಳಿಂದ ಕಿವಿ, ಕಣ್ಣು, ಮೂಗು, ಬಾಯಿಗಳನ್ನು ಮುಚ್ಚುವ ಷಣ್ಮುಖಿ ಮುದ್ರೆಯಲ್ಲಿ ಬೆರಳನ್ನು ಕಿವಿಯೊಳಗೆ ತುರುಕದೆ ಅದರ ಮುಂದಿನ ಮೃದ್ವಸ್ಥಿಯನ್ನಷ್ಟೇ ಮೆಲ್ಲನೆ ಅದುಮಬೇಕು. ಕಣ್ಣುಗುಡ್ಡೆಗಳನ್ನಂತೂ ಒತ್ತಲೇಬಾರದು, ಆ ಒತ್ತಡದಿಂದ ಹೃದಯದ ಬಡಿತವು ಕುಗ್ಗುವ ಪ್ರತಿವರ್ತನೆಯೊಂದುಂಟು.

ಇನ್ನು ಸ್ಥಳಕಾಲಗಳು. ಕಾಪುವಿನ ದೀಪಸ್ತಂಭದ ಬಂಡೆಯು ರಮಣೀಯವಾದರೂ ಅಭ್ಯಾಸಿಗೆ ತಕ್ಕುದಲ್ಲ. ಕಡಲ ಮೊರೆತದಲ್ಲಿ ಮಂದ್ರದಿಂದ ತಾರದವರೆಗಿನ ಕಂಪನಗಳೆಲ್ಲ ಬೆರೆತಿರುವುದರಿಂದ ಒಳಗಿನ ಕ್ಷೀಣಧ್ವನಿಯು ಅದರಲ್ಲಿ ಮುಳುಗಿಹೋಗುತ್ತದೆ. ಕರ್ಣನಾದದಿಂದ ಬಳಲುವವರಿಗೆ ಇಂತಹ ಧ್ವನಿಯನ್ನೇ ಉಪಶಮನಕ್ಕಾಗಿ ಕೇಳಿಸುತ್ತಾರೆ. ವರ್ಷಾಕಾಲದಲ್ಲಿ ಯೋಗವನ್ನು ಆರಂಭಿಸಕೂಡದು, ವಸಂತ ಶರತ್ತುಗಳೇ ಯೋಗ್ಯವೆಂದು ಘೇರಂಡಸಂಹಿತೆಯೆಂಬ ಇನ್ನೊಂದು ಹಠಯೋಗಗ್ರಂಥದ ವಿಧಿ. ಆಷಾಢದ ಮಳೆಯು ಹಂಚಿನ ಮಾಡಿನ ಮೇಲೆ ಸುರಿಯುವುದನ್ನು ಕೇಳಿದ ಕರಾವಳಿಯವರು ಇದಕ್ಕೆ ಪ್ರಮಾಣವನ್ನು ಕೇಳಲಾರರು. ನವರಾತ್ರಿಯ ವೇಳೆಗೆ ಪ್ರಾಣಾಯಾಮವನ್ನು ಮೊದಲಿಟ್ಟರೆ ಮೂರು ತಿಂಗಳ ಅವಧಿಯು ಮಕರಸಂಕ್ರಾಂತಿಯ ಸುಮಾರಿಗೆ ಮುಗಿದು ನಾದಾನುಸಂಧಾನವು ಮೊದಲಾಗುತ್ತದೆ. ಆಗ ಉಡುಪಿಯಲ್ಲಿ ಕೃಷ್ಣಮಠದ ಸಪ್ತೋತ್ಸವ. ಎರಡು ವರ್ಷಕ್ಕೊಮ್ಮೆ ಅದರ ಬೆನ್ನಿಗೇ ಮಠದ ಪೂಜಾಧಿಕಾರವು ಕೈಬದಲಾಗುವ ಪರ್ಯಾಯದ ಮೆರವಣಿಗೆ. ರಥಬೀದಿಯ ನಿವಾಸಿಗಳು ಕಿವಿ ಮುಚ್ಚಿ ಕೂರುವ ಆ ಮೊದಲ ವಾರವನ್ನು ಕಾರ್ಕಳದ ನಂಟರ ಮನೆಯಲ್ಲಿ ಕಳೆಯುವುದು ಮೇಲು.