ಡಿ ಡ್ರೈವ್‌ನಲ್ಲಿ ಇನ್ನೊಂದು ಕಾಪಿ ಇಟ್ಟರೆ ಬ್ಯಾಕಪ್ ಆಗೋದಿಲ್ಲ! ಅಂಗಡಿ ಲೆಕ್ಕ, ಫೋಟೊ ಉಳಿಸಿಕೊಳ್ಳೋದು ಹೀಗೆ

ಬೈಲಹೊಂಗಲ: ‘ನಮ್ಮ ಕಂಪ್ಯೂಟರ್‌ನ್ಯಾಗ ಎಲ್ಲಾ ಡಬಲ್ ಐತ್ರಿ. ಸಿ ಡ್ರೈವ್‌ನ್ಯಾಗ ಒಂದು, ಡಿ ಡ್ರೈವ್‌ನ್ಯಾಗ ಒಂದು.’ ಬ್ಯಾಕಪ್ ಬಗ್ಗೆ ಕೇಳಿದರೆ ನಮ್ಮ ಭಾಗದ ಅಂಗಡಿಕಾರರು ಹೀಗೇ ಹೇಳ್ತಾರೆ. ನಾನೂ ಹಂಗೇ ಅಂದುಕೊಂಡಿದ್ದೆ. ಎರಡು ವರ್ಷದ ಕಿತ್ತೂರು ಉತ್ಸವದ ಫೋಟೊಗಳನ್ನು ಡಿ ಡ್ರೈವ್‌ಗೂ ಹಾಕಿ ನಿಶ್ಚಿಂತೆಯಿಂದ ಇದ್ದೆ. ಒಂದಿನ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿ ನಿಂತುಬಿಟ್ಟಿತು. ಸಿ ಹೋಯ್ತು, ಅದರ ಜೋಡಿ ಡಿನೂ ಹೋಯ್ತು.

ಯಾಕಂದ್ರೆ ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಪಾಲು. ಒಂದೇ ತಿಜೋರಿಗೆ ಎರಡು ಖಾನೆ ಇದ್ದಂಗ. ನಿಮ್ಮದು ಹೇಗಿದೆ ನೋಡಬೇಕಂದ್ರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆಗೀರಿ. ಕೆಳಗೆ ‘ಡಿಸ್ಕ್ 0’ ಅನ್ನೋ ಒಂದೇ ಸಾಲಿನಲ್ಲಿ ಸಿ, ಡಿ ಎರಡೂ ಕಂಡರೆ ನಿಮ್ಮ ಹತ್ತಿರ ಇರೋದು ಒಂದೇ ಡಿಸ್ಕ್.

ನನ್ನದು ಫೋಟೊ, ಹೋದ್ರೂ ಹೊಟ್ಟೆಪಾಡು ನಿಲ್ಲಲಿಲ್ಲ. ಆದರೆ ಜಿಎಸ್‌ಟಿ ಕಾಯ್ದೆ ಪ್ರಕಾರ ವ್ಯಾಪಾರಿಗಳು ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು, ಅಂದರೆ ಆರು ವರ್ಷ ಕಾಯ್ದಿಡಬೇಕು. ಫೋಟೊ ಸ್ಟುಡಿಯೊದವರ ಕಥೆ ಇನ್ನೂ ಕಷ್ಟ. ಹೋದ ಫೋಟೊ ತೆಗೆಯೋಕೆ ಯಾರೂ ಎರಡನೇ ಸಲ ಅಕ್ಕಿಕಾಳು ಹಾಕಿಸಿಕೊಳ್ಳೋದಿಲ್ಲ.

ಹಂಗಾದ್ರೆ ಏನು ಮಾಡಬೇಕು? ಯುಎಸ್‌ಬಿಗೆ ಹಚ್ಚುವ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಳ್ರಿ. ಪೆನ್‌ಡ್ರೈವ್ ನೆಚ್ಚಿಕೊಳ್ಳಬೇಡಿ. ಡಿಸ್ಕ್ ಹಚ್ಚಿ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಫೈಲ್ ಹಿಸ್ಟರಿ’ ಅಂತ ಹುಡುಕಿ ‘ಟರ್ನ್ ಆನ್’ ಒತ್ತಿ. ಇದು ವಿಂಡೋಸ್ ಜೊತೆಗೇ ಬರುತ್ತೆ, ಬೇರೆ ರೊಕ್ಕ ಕೊಡಬೇಕಿಲ್ಲ. ಅಲ್ಲಿಂದ ಮುಂದೆ ತಾಸಿಗೊಮ್ಮೆ ಬದಲಾದ ಫೈಲ್‌ಗಳನ್ನು ತಾನೇ ಕಾಪಿ ಮಾಡುತ್ತೆ. ‘ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್’ನಲ್ಲಿ ಈ ಸಮಯ ಬದಲಿಸಬಹುದು. ಹಳೆಯ ಪ್ರತಿಗಳನ್ನೂ ಇಟ್ಟಿರುತ್ತೆ, ಹೀಗಾಗಿ ಅಂಗಡಿ ಹುಡುಗ ಇವತ್ತು ತಪ್ಪಿ ಒಂದು ಫೈಲ್ ಕೆಡಿಸಿದರೂ ಹೋದ ವಾರದ್ದು ಸಿಗುತ್ತೆ.

ಇಲ್ಲೊಂದು ಮೋಸ ಇದೆ, ಬಹಳ ಮಂದಿ ಇಲ್ಲೇ ಎಡವೋದು. ಫೈಲ್ ಹಿಸ್ಟರಿ ಇಡೀ ಕಂಪ್ಯೂಟರ್ ಕಾಪಿ ಮಾಡೋದಿಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಇಂಥವನ್ನಷ್ಟೇ ತಗೊಳ್ಳುತ್ತೆ. ಡಿ ಡ್ರೈವ್‌ನಲ್ಲಿರುವ ಮದುವೆ ಫೋಟೊ ಫೋಲ್ಡರ್, ನುಡಿಯಲ್ಲಿ ಮಾಡಿದ ಲಗ್ನಪತ್ರಿಕೆಗಳ ಫೋಲ್ಡರ್ ಅದರ ಕಣ್ಣಿಗೆ ಬೀಳೋದಿಲ್ಲ. ಅಂಥ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಕ್ಲೂಡ್ ಇನ್ ಲೈಬ್ರರಿ’ ಕೊಡಬೇಕು. ವಿಂಡೋಸ್ 11ರಲ್ಲಿ ಮೊದಲು ‘ಶೋ ಮೋರ್ ಆಪ್ಷನ್ಸ್’ ಒತ್ತಿದರೆ ಇದು ಕಾಣಿಸುತ್ತೆ.

ಟ್ಯಾಲಿ ಇದ್ದವರು ಇನ್ನೊಂದು ಹೆಜ್ಜೆ ಹಾಕಬೇಕು. ಟ್ಯಾಲಿ ತೆರೆದಿರುವಾಗ ಅದರ ಫೈಲ್‌ಗಳನ್ನು ಹೊರಗಿನಿಂದ ಕಾಪಿ ಮಾಡಿದರೆ ನೆಚ್ಚಿಕೊಳ್ಳುವಂತಿಲ್ಲ. ಸಂಜೆ ಅಂಗಡಿ ಮುಚ್ಚುವಾಗ ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಜೊತೆ ವೈ ಒತ್ತಿ, ‘ಬ್ಯಾಕಪ್’ ಆರಿಸಿ, ಅದು ಡಾಕ್ಯುಮೆಂಟ್ಸ್ ಒಳಗಿನ ಒಂದು ಫೋಲ್ಡರ್‌ಗೆ ಹೋಗುವಂತೆ ಮಾಡಿ. ಉಳಿದದ್ದನ್ನು ಫೈಲ್ ಹಿಸ್ಟರಿ ನೋಡಿಕೊಳ್ಳುತ್ತೆ. ಅದು ಮುಗಿಯೋವರೆಗೂ ಕಾಯಬೇಕಿಲ್ಲ ಅಂದ್ರೆ ‘ರನ್ ನೌ’ ಒತ್ತಿ.

ಅಂದಹಾಗೆ, ವಿಂಡೋಸ್ 11ರಲ್ಲಿ ‘ವಿಂಡೋಸ್ ಬ್ಯಾಕಪ್’ ಅಂತ ಮತ್ತೊಂದು ಬರುತ್ತೆ. ಅದು ನಿಮ್ಮ ಡಿಸ್ಕ್‌ಗೆ ಅಲ್ಲ, ಇಂಟರ್ನೆಟ್ ಮೂಲಕ ಒನ್‌ಡ್ರೈವ್‌ಗೆ ಕಳಿಸುತ್ತೆ. ಪುಕ್ಕಟೆ ಸಿಗೋದು 5 ಜಿಬಿ ಜಾಗ, ಒಂದು ಮದುವೆ ಫೋಟೊಗೂ ಸಾಲೋದಿಲ್ಲ.

ಇಷ್ಟಾದರೂ ಡಿಸ್ಕ್ ಯಾವಾಗಲೂ ಕಂಪ್ಯೂಟರ್‌ಗೇ ಹಚ್ಚಿದ್ದರೆ ಎರಡು ಅಪಾಯ. ಫೈಲ್‌ಗಳಿಗೆ ಬೀಗ ಹಾಕಿ ರೊಕ್ಕ ಕೇಳುವ ರ‍್ಯಾನ್ಸಮ್‌ವೇರ್ ವೈರಸ್ ಹಚ್ಚಿದ ಡಿಸ್ಕನ್ನೂ ಬಿಡೋದಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಜಗತ್ತಿನ ತುಂಬ ಹಬ್ಬಿದ್ದು ಇಂಥದ್ದೇ. ಇನ್ನೊಂದು ನಮ್ಮದೇ ನದಿ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರಿಗೆ ಮಲಪ್ರಭಾ ಉಕ್ಕಿ ರಾಮದುರ್ಗದೊಳಗೆ ನುಗ್ಗಿದ್ದು ಯಾರೂ ಮರೆತಿಲ್ಲ. ಒಂದೇ ಟೇಬಲ್ ಮೇಲಿದ್ದ ಕಂಪ್ಯೂಟರ್, ಡಿಸ್ಕ್ ಎರಡೂ ಒಂದೇ ನೀರಿನಲ್ಲಿ ನೆನೀತಾವ.

ಅದಕ್ಕೇ ಎರಡನೇ ಡಿಸ್ಕ್ ಮನೆಯಲ್ಲಿರಲಿ, ಆದರೆ ನದಿ ಕಡೆ ಅಲ್ಲ, ಎತ್ತರದ ಜಾಗದಲ್ಲಿ. ಇದು ತಾನೇ ಆಗುವ ಕೆಲಸ ಅಲ್ಲ, ನೆನಪಿಡಬೇಕು. ಅಮಾವಾಸ್ಯೆಗೆ ಹೆಂಗೂ ಅಂಗಡಿ ತೊಳೆದು ಪೂಜೆ ಮಾಡ್ತೀರಲ್ಲ, ಅವತ್ತೇ ತಂದು ಮುಖ್ಯ ಫೋಲ್ಡರ್‌ಗಳನ್ನು ಕಾಪಿ ಮಾಡಿ ವಾಪಸ್ ಒಯ್ಯಿರಿ.

ಅವತ್ತೇ ಇನ್ನೊಂದು ಪರೀಕ್ಷೆನೂ ಮಾಡ್ರಿ. ಫೈಲ್ ಹಿಸ್ಟರಿಯಲ್ಲಿ ‘ರಿಸ್ಟೋರ್ ಪರ್ಸನಲ್ ಫೈಲ್ಸ್’ ಒತ್ತಿ ಹೋದ ತಿಂಗಳ ಒಂದು ಬಿಲ್ ಹುಡುಕಿ, ಅದನ್ನು ಬೇರೆ ಫೋಲ್ಡರ್‌ಗೆ ಇಳಿಸಿ ತೆರೆದು ನೋಡ್ರಿ. ತೆರೆಯದಿದ್ದರೆ ಅಥವಾ ಆ ಬಿಲ್ ಸಿಗದಿದ್ದರೆ ಯಾವ ಫೋಲ್ಡರ್ ಬಿಟ್ಟುಹೋಗಿದೆ ಅಂತ ಅವತ್ತೇ ಗೊತ್ತಾಗುತ್ತೆ.