ಮಗುವಿನ ಮೈಗೆ ಹಿಡಿಯುವ ಲೈಫ್ ಜಾಕೆಟ್

ಹಿನ್ನೀರಿನ ದಡದಲ್ಲಿ ದೋಣಿ ಹತ್ತುವ ಮೊದಲು ಲೈಫ್ ಜಾಕೆಟ್‌ಗಳ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಎತ್ತಿ ಕೊಡುತ್ತಾರೆ. ಐದು ವರ್ಷದ ಮಗುವಿಗೂ ದೊಡ್ಡವರ ಜಾಕೆಟ್ಟೇ. ಒಂದು ಬಕಲ್ ಮುರಿದಿರುತ್ತದೆ, ಅದರ ಜಾಗದಲ್ಲಿ ನೈಲಾನ್ ದಾರದ ಗಂಟು. ಹಾಕಿಸಿ ಫೋಟೊ ತೆಗೆದರೆ ಅಪ್ಪ ಅಮ್ಮನಿಗೆ ನೆಮ್ಮದಿ. ಆದರೆ ಮಗು ನೀರಿಗೆ ಬಿದ್ದರೆ ಆ ಜಾಕೆಟ್ ಮೇಲಕ್ಕೆ ತೇಲುತ್ತದೆ, ಮಗು ಅದರೊಳಗಿಂದ ಕೆಳಕ್ಕೆ ಜಾರುತ್ತದೆ.

ಜಾರುವುದಕ್ಕೆ ಮಗುವಿನ ಮೈಕಟ್ಟೇ ಕಾರಣ. ಭುಜ ಕಿರಿದು, ಸೊಂಟದ ಹತ್ತಿರ ಜಾಕೆಟ್ಟನ್ನು ತಡೆದು ನಿಲ್ಲಿಸುವ ಆಕಾರವಿಲ್ಲ. ಗಾಬರಿಯಲ್ಲಿ ಎರಡೂ ಕೈ ಮೇಲೆತ್ತಿದರೆ ತಡೆಯೇ ಉಳಿಯುವುದಿಲ್ಲ. ಹೀಗಾಗಿ ಚಿಕ್ಕ ಮಕ್ಕಳ ಜಾಕೆಟ್‌ಗೆ ತೊಡೆಸಂದಿಯಲ್ಲಿ ಹಾದು ಮುಂದೆ ಸಿಕ್ಕಿಸುವ ಪಟ್ಟಿ ಇರಲೇಬೇಕು. ಇನ್ನೊಂದು ಸಂಗತಿ, ಮೈಗೆ ಹೋಲಿಸಿದರೆ ಮಗುವಿನ ತಲೆ ಭಾರ. ನೀರಿನಲ್ಲಿ ಮುಖ ಸುಲಭವಾಗಿ ಮುಂದಕ್ಕೆ ವಾಲುತ್ತದೆ. ಕತ್ತಿನ ಹಿಂದೆ ದಪ್ಪ ಕಾಲರ್ ಇಡುವುದು ತಲೆಯನ್ನು ಎತ್ತಿ ಹಿಡಿಯಲು. ಆ ಕಾಲರ್ ಮೇಲೆ ಗಟ್ಟಿಯಾಗಿ ಹೊಲಿದ ಹಿಡಿಕೆಯೂ ಇದ್ದರೆ ಮಗುವನ್ನು ಒಂದೇ ಕೈಯಲ್ಲಿ ದೋಣಿಗೆ ಎಳೆದುಕೊಳ್ಳಬಹುದು.

ಕೊಳ್ಳುವಾಗ ವಯಸ್ಸನ್ನು ಹೇಳಬೇಡಿ, ತೂಕವನ್ನು ಹೇಳಿ. ಒಳಗಿನ ಲೇಬಲ್‌ನಲ್ಲಿ ಎಷ್ಟು ಕೆ.ಜಿ.ಯಿಂದ ಎಷ್ಟು ಕೆ.ಜಿ.ವರೆಗೆ ಎಂದು ಬರೆದಿರುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ ವಿಂಗಡಣೆಯಲ್ಲಿ ಸುಮಾರು 14 ಕೆ.ಜಿ.ವರೆಗೆ ಒಂದು ಅಳತೆ, 14ರಿಂದ 23 ಕೆ.ಜಿ.ಗೆ ಇನ್ನೊಂದು, 23ರಿಂದ 41ಕ್ಕೆ ಮತ್ತೊಂದು. ಐಎಸ್‌ಒ 12402 ಮಾನದಂಡದ ಜಾಕೆಟ್‌ಗಳ ಮೇಲೆ ನ್ಯೂಟನ್ ಲೆಕ್ಕದಲ್ಲಿ 50, 100, 150 ಎಂಬ ಅಂಕಿ ಕಾಣುತ್ತದೆ. 50 ಎಂದಿರುವುದು ಈಜು ಬಲ್ಲವರಿಗೆ, ದಡದ ಹತ್ತಿರ, ಸಹಾಯ ಸಮೀಪದಲ್ಲೇ ಇರುವಾಗ. ಮುಖ ಕೆಳಗಾಗಿ ಬಿದ್ದವರನ್ನು ಅದು ತಿರುಗಿಸುತ್ತದೆಂದು ನಂಬುವಂತಿಲ್ಲ. ಈಜು ಬಾರದ ಮಗುವಿಗೆ 100ಕ್ಕೆ ಕಡಿಮೆಯದು ಬೇಡ. ಮುಂದಿನ ವರ್ಷಕ್ಕೂ ಆಗಲಿ ಎಂದು ಯೂನಿಫಾರ್ಮ್ ಹಾಗೆ ಒಂದಳತೆ ದೊಡ್ಡದನ್ನು ತರುವುದಂತೂ ಖಂಡಿತ ಬೇಡ.

ತೋಳಿಗೆ ಏರಿಸುವ ಗಾಳಿಚೀಲ, ಸೊಂಟದ ಟ್ಯೂಬ್ ಇವೆಲ್ಲ ಆಟದ ಸಾಮಾನು. ಒಂದು ಸಣ್ಣ ತೂತು ಬಿದ್ದರೆ ಮುಗಿಯಿತು.

ಬಣ್ಣ ಕಿತ್ತಳೆಯೋ ಹಳದಿಯೋ ಇರಲಿ. ನೀಲಿ, ಹಸಿರು ನೀರಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಸೀಟಿಯನ್ನೂ ಕಟ್ಟಿರಿ.

ಇನ್ನು ತೊಡಿಸಿ ನೋಡುವ ಕ್ರಮ. ಜಿಪ್ ಎಳೆದು, ಬಕಲ್‌ಗಳನ್ನು ಟಕ್ಕೆಂದು ಕೇಳುವಂತೆ ಹಾಕಿ. ಮೊದಲು ಸೊಂಟದ ಪಟ್ಟಿ, ಆಮೇಲೆ ಎದೆಯದು, ಕೊನೆಗೆ ತೊಡೆಸಂದಿಯದನ್ನು ಬಿಗಿಮಾಡಿ. ಮಗುವಿಗೆ ಕೈ ಎತ್ತಿ ನಿಲ್ಲಲು ಹೇಳಿ, ಎರಡೂ ಭುಜದ ಮೇಲಿನ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಗಲ್ಲ ದಾಟಿ ಕಿವಿಯ ಮಟ್ಟಕ್ಕೆ ಬಂದರೆ ಅದು ಆ ಮಗುವಿನದಲ್ಲ, ಬೇರೆ ಕೇಳಿ. ಕೊಡುವವರು "ಏನಾಗಲ್ಲ ಸರ್, ಹತ್ತಿ" ಅಂದರೂ ಕೇಳಿ. ಮಕ್ಕಳ ಅಳತೆಯದು ಇಲ್ಲವೆಂದರೆ ಅಂದಿನ ಸವಾರಿ ಬಿಡುವುದೇ ಸರಿ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು, ಅವರಲ್ಲಿ ಮಕ್ಕಳೂ ಇದ್ದರು. ಜಾತ್ರೆ, ಪ್ರವಾಸದ ಗದ್ದಲದಲ್ಲಿ ಬೇಡ ಎನ್ನುವುದು ಎಷ್ಟು ಕಷ್ಟವೆಂದು ನಮಗೆಲ್ಲ ಗೊತ್ತು. ಆದರೂ ಹಾಗೆ ಹೇಳುವ ಹಕ್ಕು ತಂದೆತಾಯಿಗೆ ಇದ್ದೇ ಇದೆ.

ಕುಳಿತುಕೊಳ್ಳುವ ಜಾಗವನ್ನೂ ಯೋಚಿಸಬೇಕು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಎರಡಂತಸ್ತಿನ ದೋಣಿ ಮಗುಚಿ 22 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅಂಥ ದೋಣಿಯ ಮುಚ್ಚಿದ ಕೋಣೆಗೆ ನೀರು ನುಗ್ಗಿದರೆ ಫೋಮ್ ಜಾಕೆಟ್ ಮೈಯನ್ನು ಚಾವಣಿಗೆ ಒತ್ತಿಬಿಡುತ್ತದೆ, ಬಾಗಿಲು ಮುಳುಗಿರುತ್ತದೆ. ಜಾಕೆಟ್ ತೊಟ್ಟ ಮಗುವನ್ನು ತೆರೆದ ಭಾಗದಲ್ಲಿ, ನಿಮ್ಮ ಪಕ್ಕದಲ್ಲೇ ಕೂರಿಸಿ.

ಹೊಸ ಜಾಕೆಟ್ಟನ್ನು ಪ್ರವಾಸಕ್ಕೆ ಮೊದಲೇ ಈಜುಕೊಳದ ಆಳವಿಲ್ಲದ ತುದಿಯಲ್ಲಿ ನೀವೂ ಇಳಿದು ಪರೀಕ್ಷಿಸಿ. ಕಾಲು ನೆಲಕ್ಕೆ ತಾಗದಂತೆ ಮೆಲ್ಲಗೆ ಹಿಂದಕ್ಕೆ ಒರಗಿಸಿದರೆ ಬಾಯಿ ನೀರಿನ ಮೇಲೆ ಉಳಿಯಬೇಕು. ಕೆಲವು ಮಕ್ಕಳು ಅಂಗಾತ ತೇಲಲು ಹೆದರಿ ಒದ್ದಾಡುತ್ತಾರೆ. ಆ ಹೆದರಿಕೆ ಕೊಳದಲ್ಲೇ ಕಳೆಯಲಿ. ಎಂಥ ಜಾಕೆಟ್ ಇದ್ದರೂ ನೀರಿನಲ್ಲಿ ಮಗು ನಿಮ್ಮ ಕೈಗೆಟಕುವಷ್ಟು ದೂರದಲ್ಲೇ ಇರಬೇಕು. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೂಗಲು ಉಸಿರೇ ಇರುವುದಿಲ್ಲ.

ಬಳಸಿದ ಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬಿಸಿಲು ಬಟ್ಟೆಯನ್ನೂ ಹೊಲಿಗೆಯನ್ನೂ ತಿನ್ನುತ್ತದೆ. ಅದರ ಮೇಲೆ ಕೂರುವುದು, ಭಾರ ಹೇರುವುದು ಮಾಡಿದರೆ ಫೋಮ್ ಚಪ್ಪಟೆಯಾಗಿ ತೇಲುವ ಬಲ ಇಳಿಯುತ್ತದೆ. ಆಗಾಗ ಒತ್ತಿ ನೋಡಿ: ಒತ್ತಿದ ಗುಳಿ ಮೇಲೇಳದಿದ್ದರೆ, ಒಳಗೆ ಪುಡಿ ಪುಡಿ ಎನಿಸಿದರೆ ಅದರ ಆಯುಸ್ಸು ಮುಗಿದಂತೆ. ಎಸೆಯುವ ಮುನ್ನ ಪಟ್ಟಿಗಳನ್ನು ಕತ್ತರಿಸಿಬಿಡಿ, ಇನ್ನೊಬ್ಬರು ಎತ್ತಿಕೊಂಡು ತಮ್ಮ ಮಗುವಿಗೆ ತೊಡಿಸದಂತೆ.