ಕಾಗಿಣಾ ಸೀಮೆಯ ಸಸ್ಯಗಳು: ಒಣಮಾದರಿಗಳ ರಕ್ಷಣೆ ಮತ್ತು ಗಣಕೀಕರಣ

ಗ್ರಂಥಭಂಡಾರದಲ್ಲಿ ಪುಸ್ತಕಗಳಿರುವಂತೆ ಸಸ್ಯಸಂಗ್ರಹಾಲಯದಲ್ಲಿ ಒಣಗಿಸಿದ ಗಿಡಗಳಿರುತ್ತವೆ. ಹೂವು, ಕಾಯಿ, ಎಲೆ, ಸಾಧ್ಯವಾದರೆ ಬೇರು ಸಹಿತವಾಗಿ ತಂದ ಸಸ್ಯವನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ಸುಮಾರು 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ದಪ್ಪ ಹಾಳೆಗೆ ಅಂಟಿಸಿ, ಹಾಳೆಯ ಕೆಳಗಿನ ಮೂಲೆಯಲ್ಲಿ ಒಂದು ಚೀಟಿಯನ್ನು ಹಚ್ಚುತ್ತಾರೆ. ಗಿಡದ ಹೆಸರು, ದೊರೆತ ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು ಮತ್ತು ಕ್ರಮಸಂಖ್ಯೆ ಆ ಚೀಟಿಯಲ್ಲಿರುತ್ತವೆ. ನೋಡುವವರಿಗೆ ಬಣ್ಣಗೆಟ್ಟ ಕಸಕಡ್ಡಿಯಂತೆ ತೋರುವ ಈ ಹಾಳೆಯು, ಇಂಥ ಸಸ್ಯ ಇಂಥ ನೆಲದಲ್ಲಿ ಇಂಥ ದಿನ ಬೆಳೆದಿತ್ತೆಂಬುದಕ್ಕೆ ಯಾರು ಬೇಕಾದರೂ ಮರುಪರೀಕ್ಷಿಸಬಹುದಾದ ಸಾಕ್ಷಿಯಾಗಿದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಗೆ ಇಂತಹ ಸಾಕ್ಷಿಗಳು ದೊರೆತದ್ದು ತಡವಾಗಿ. ಥಿಯೋಡೋರ್ ಕುಕ್ ಅವರು 1901ರಿಂದ 1908ರವರೆಗೆ ಪ್ರಕಟಿಸಿದ ಸಸ್ಯಗ್ರಂಥವು ಮುಂಬಯಿ ಪ್ರಾಂತಕ್ಕೆ ಮೀಸಲಾಗಿತ್ತು. 1915ರಲ್ಲಿ ಆರಂಭವಾದ ಗ್ಯಾಂಬಲ್ ಅವರ ಗ್ರಂಥವು ಮದರಾಸು ಪ್ರಾಂತಕ್ಕೆ. ನಿಜಾಮರ ಆಳಿಕೆಯಲ್ಲಿದ್ದ ಕಲಬುರ್ಗಿಯ ಸೀಮೆ ಎರಡರ ಎಲ್ಲೆಯಿಂದಲೂ ಹೊರಗುಳಿಯಿತು. ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದವರು ಗುಲಬರ್ಗಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು. ವೈ. ಎನ್. ಸೀತಾರಾಮ್ ಮತ್ತು ಅವರ ಸಹೋದ್ಯೋಗಿಗಳು ರಚಿಸಿದ ಗುಲಬರ್ಗಾ ಜಿಲ್ಲೆಯ ಸಸ್ಯಗ್ರಂಥವನ್ನು ಆ ವಿಶ್ವವಿದ್ಯಾಲಯವು 2000ದಲ್ಲಿ ಪ್ರಕಟಿಸಿತು. ಅಲ್ಲಿಯ ಸಸ್ಯಸಂಗ್ರಹಾಲಯವನ್ನು ವಿದ್ವಾಂಸರು ತಮ್ಮ ಲೇಖನಗಳಲ್ಲಿ ಎಚ್.ಜಿ.ಯು.ಜಿ. ಎಂಬ ಸಂಕೇತದಿಂದ ಉಲ್ಲೇಖಿಸುತ್ತಾರೆ. ಗ್ರಂಥವನ್ನು ಮತ್ತೆ ಮುದ್ರಿಸಬಹುದು. ಹಾಳೆಗಳನ್ನು ಮತ್ತೆ ಮಾಡಲು ಬಾರದು.

ಏಕೆ ಬಾರದೆಂಬುದನ್ನು ಈ ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಶಹಾಬಾದಿ ಪರಸಿ ನಾಡಿನ ಮನೆಮನೆಯ ನೆಲಕ್ಕೆ ಹಾಸಿದೆ. 1968ರಲ್ಲಿ ವಾಡಿಯಲ್ಲಿ ಸಿಮೆಂಟು ಕಾರ್ಖಾನೆ ಆರಂಭವಾಯಿತು; ಸೇಡಂ, ಮಳಖೇಡಗಳಲ್ಲಿಯೂ ಕಾರ್ಖಾನೆಗಳೆದ್ದವು. ಸುಣ್ಣಕಲ್ಲಿನ ಮೇಲಣ ತೆಳುವಾದ ಮಣ್ಣಿನಲ್ಲಿ, ಮಳೆಗಾಲದ ಕೆಲವೇ ವಾರಗಳಲ್ಲಿ ಹುಟ್ಟಿ ಹೂಬಿಟ್ಟು ಒಣಗುವ ಚಿಕ್ಕ ಗಿಡಗಳು ಅನೇಕ. ಕಲ್ಲು ತೆಗೆಯುವಾಗ ಮೊದಲು ಹೋಗುವುದು ಆ ಮಣ್ಣೇ. ಕಾರ್ಖಾನೆಗಳು ಸಾವಿರಾರು ಸಂಸಾರಗಳಿಗೆ ಅನ್ನವಿತ್ತಿವೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಗಣಿಯಾದ ದಿಬ್ಬದ ಮೇಲೆ ಹಿಂದೆ ಏನು ಬೆಳೆದಿತ್ತೆಂದು ಕೇಳಿದರೆ ಉತ್ತರ ಹೇಳಬಲ್ಲದ್ದು ಕಪಾಟಿನಲ್ಲಿರುವ ಹಾಳೆಯೊಂದೇ. ಚಿಂಚೋಳಿಯ ಅರಣ್ಯದ ಸ್ಥಿತಿ ಬೇರೆ. ಅದಕ್ಕೆ 2011ರಲ್ಲಿ ವನ್ಯಜೀವಿಧಾಮದ ರಕ್ಷಣೆ ದೊರೆಯಿತು. ತೊಗರಿ ಹೊಲದ ಬದುವಿನ ಗಿಡಗಳಿಗಾದರೋ ಯಾವ ಧಾಮವೂ ಇಲ್ಲ. 1955ರಲ್ಲಿ ಪುಣೆಯಲ್ಲಿ ಕಂಡುಬಂದ ಕಾಂಗ್ರೆಸ್ ಕಸವು ಇಂದು ಎಲ್ಲ ಬದುಗಳನ್ನೂ ಆಕ್ರಮಿಸಿದೆ; ಅದು ಯಾವ ಊರಿಗೆ ಎಂದು ಬಂದಿತೆಂಬುದನ್ನು ಅರಿಯಲು ದಿನಾಂಕವಿರುವ ಮಾದರಿಗಳೇ ಆಧಾರ.

ಈ ಹಾಳೆಗಳಿಗೆ ವೈರಿಗಳು ಹಲವು. ತಂಬಾಕಿನ ದಾಸ್ತಾನನ್ನು ಕೊರೆಯುವ ಸಣ್ಣ ಕಂದು ದುಂಬಿಯೇ ಒಣಗಿದ ಹೂವನ್ನೂ ಕೊರೆದು ಪುಡಿಮಾಡುತ್ತದೆ. ಮಳೆಗಾಲದ ತೇವದಿಂದ ಬೂಷ್ಟು ಹಿಡಿಯುತ್ತದೆ. ನಮ್ಮ ಬೇಸಗೆಯಲ್ಲಿ ಅಗ್ಗದ ಕಾಗದವು ಹಪ್ಪಳದಂತೆ ಮುರಿಯುತ್ತದೆ. ಹಿಂದಿನವರು ಹುಳ ತಡೆಯಲು ಮಾದರಿಗಳನ್ನು ಪಾದರಸದ ಕ್ಲೋರೈಡ್ ದ್ರಾವಣದಲ್ಲಿ ಅದ್ದುತ್ತಿದ್ದರು. ಅದು ಉಗ್ರ ವಿಷ. ದಶಕಗಳ ಅನಂತರವೂ ಹಾಳೆಯಲ್ಲಿ ಉಳಿದಿರುತ್ತದೆ. ಆದುದರಿಂದ ಹಳೆಯ ಮಾದರಿಗಳನ್ನು ಮಕ್ಕಳ ಬರಿಗೈಗೆ ಕೊಡಬಾರದು, ಶಿಕ್ಷಕರೂ ಕೈಗವಸು ಧರಿಸಿಯೇ ಮುಟ್ಟಬೇಕು. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಒಂದೆರಡು ವಾರ ಇಟ್ಟು ಹುಳ, ಮೊಟ್ಟೆಗಳನ್ನು ಕೊಲ್ಲುವುದು ಇಂದಿನ ನಿರಪಾಯಕಾರಿ ವಿಧಾನ.

ಎಷ್ಟು ಜೋಪಾನ ಮಾಡಿದರೂ ಒಂದೇ ರಾತ್ರಿಯಲ್ಲಿ ಎಲ್ಲವೂ ನಾಶವಾಗಬಹುದೆಂಬುದಕ್ಕೆ ಬರ್ಲಿನ್ನಿನ ಸಸ್ಯಸಂಗ್ರಹಾಲಯವೇ ನಿದರ್ಶನ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರ ಮಾರ್ಚ್ 1ರ ರಾತ್ರಿ, ಬಾಂಬು ದಾಳಿಗೆ ಸಿಕ್ಕಿ ಅಲ್ಲಿಯ ಲಕ್ಷಾಂತರ ಹಾಳೆಗಳು ಸುಟ್ಟು ಬೂದಿಯಾದವು. ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಮೂಲಮಾದರಿಗಳು ಅವುಗಳಲ್ಲಿದ್ದವು. ಆದರೆ 1929ರಲ್ಲಿಯೇ ಅಮೆರಿಕದ ಷಿಕಾಗೋ ನಗರದ ಫೀಲ್ಡ್ ಮ್ಯೂಸಿಯಂ ಪರವಾಗಿ ಮ್ಯಾಕ್‌ಬ್ರೈಡ್ ಎಂಬ ಸಸ್ಯವಿಜ್ಞಾನಿ ಬರ್ಲಿನ್ನಿಗೆ ಬಂದು, ದಕ್ಷಿಣ ಅಮೆರಿಕದ ಸಾವಿರಾರು ಮೂಲಮಾದರಿಗಳ ಛಾಯಾಚಿತ್ರ ತೆಗೆಯಲಾರಂಭಿಸಿದ್ದರು. ಕಪ್ಪುಬಿಳುಪಿನ ಆ ಚಿತ್ರಗಳೇ ಸುಟ್ಟುಹೋದ ಎಷ್ಟೋ ಮಾದರಿಗಳ ಬಗೆಗೆ ಇಂದಿಗೂ ಆಧಾರ. ಗಣಕೀಕರಣವೆಂಬ ಹೆಸರು ಹುಟ್ಟುವುದಕ್ಕೆ ಮೊದಲೇ ಅದರ ಪ್ರಯೋಜನ ಹೀಗೆ ಸಿದ್ಧವಾಗಿತ್ತು.

ಕೆಲಸದ ಕ್ರಮ ಇಷ್ಟು. ಪ್ರತಿ ಹಾಳೆಗೂ ಮತ್ತೊಂದಕ್ಕಿಲ್ಲದ ಒಂದು ಸಂಖ್ಯೆಯನ್ನು ಕೊಡುತ್ತಾರೆ. ಬಣ್ಣದ ಪಟ್ಟಿ, ಅಳತೆಪಟ್ಟಿಗಳನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆಯುತ್ತಾರೆ. ಹಾಳೆಯನ್ನು ಬೋರಲು ಹಾಕಿದರೆ ಎಲೆ ಉದುರುತ್ತದೆ. ಅದಕ್ಕಾಗಿ ಸ್ಕ್ಯಾನರನ್ನೇ ತಲೆಕೆಳಗಾಗಿ ನಿಲ್ಲಿಸಿ, ಹಾಳೆಯನ್ನು ಕೆಳಗಿನಿಂದ ಮೆಲ್ಲಗೆ ಎತ್ತಿ ಗಾಜಿಗೆ ತಾಗಿಸುವ ಉಪಕರಣವಿದೆ. ಮೇಲಿನಿಂದ ಕ್ಯಾಮೆರಾ ಹಿಡಿದರೂ ನಡೆಯುತ್ತದೆ. ಚಿತ್ರದ ಪ್ರತಿಗಳು ಎರಡು ಮೂರು ಬೇರೆ ಬೇರೆ ಸ್ಥಳಗಳಲ್ಲಿರಬೇಕು.

ಯಂತ್ರದ ಕೆಲಸ ಇಲ್ಲಿಗೆ ಮುಗಿಯಿತು. ನಿಜವಾದ ಶ್ರಮ ಚೀಟಿಯನ್ನು ಓದುವುದರಲ್ಲಿದೆ. ಹಳೆಯ ಇಂಗ್ಲಿಷ್ ಬರಹದಲ್ಲಿ ಸೇಡಂ ಎಂಬುದು ‘ಸೇರಂ’ ಆಗಿರುತ್ತದೆ. ‘ಗುಲಬರ್ಗಾ ಜಿಲ್ಲೆ, ಸುರಪುರ’ ಎಂದಿದ್ದರೆ ಆ ಸ್ಥಳ ಇಂದು ಯಾದಗಿರಿ ಜಿಲ್ಲೆಯಲ್ಲಿದೆ. ‘ಚಿತ್ತಾಪುರ ತಾಲೂಕು’ ಎಂದಿದ್ದರೆ ಅದು ಈಗ ಶಹಾಬಾದ ಅಥವಾ ಕಾಳಗಿ ತಾಲೂಕಿಗೆ ಸೇರಿರಬಹುದು. ಬರಿಯ ‘ಶಹಾಬಾದ’ವನ್ನು ಗಣಕಯಂತ್ರವು ಉತ್ತರ ಪ್ರದೇಶಕ್ಕೋ ಹರಿಯಾಣಕ್ಕೋ ಒಯ್ದು ಕೂಡಿಸೀತು, ಮಹಾರಾಷ್ಟ್ರದಲ್ಲಂತೂ ವಾಡಿಗಳಿಗೆ ಲೆಕ್ಕವಿಲ್ಲ. ಸಸ್ಯದ ಹೆಸರೂ ಸ್ಥಿರವಲ್ಲ. ನಮ್ಮ ತಂಗಡಿ ಹಳೆಯ ಹಾಳೆಗಳಲ್ಲಿ ಕ್ಯಾಸಿಯಾ ಆರಿಕ್ಯುಲೇಟ, ಇಂದಿನ ಗ್ರಂಥಗಳಲ್ಲಿ ಸೆನ್ನಾ ಆರಿಕ್ಯುಲೇಟ. ಎರಡರಿಂದಲೂ ಅದು ಸಿಗುವಂತಿರಬೇಕು. ಊರು, ಹಳ್ಳ, ತಾಂಡಾಗಳ ಹೆಸರನ್ನು ಬಲ್ಲ ಸ್ಥಳೀಯರು ಪಕ್ಕದಲ್ಲಿ ಕುಳಿತಲ್ಲದೆ ಈ ಕಾರ್ಯ ಸರಿಹೋಗದು. ದೂರದ ನಗರದಲ್ಲಿ ಗುತ್ತಿಗೆಗೆ ಕೊಟ್ಟು ಮುಗಿಸುವ ಕೆಲಸವಿದಲ್ಲ.

ನಾಡಿನಲ್ಲಿ ಮೇಲ್ಪಂಕ್ತಿಗಳಿವೆ. ಫಾದರ್ ಸೆಸಿಲ್ ಸಲ್ಡಾನಾ ಅವರು ಡ್ಯಾನ್ ನಿಕಲ್ಸನ್ ಅವರೊಡನೆ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗ್ರಂಥವನ್ನು ಹೊರತಂದರು. ಆ ಸಂಗ್ರಹದ ಜೋಡಿಮಾದರಿಗಳು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿಯೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ಸಸ್ಯಸಂಗ್ರಹದ ಆಧಾರದಿಂದ ಕರ್ನಾಟಕದ ಸಸ್ಯಗಳ ಡಿಜಿಟಲ್ ಕೋಶವನ್ನು ರೂಪಿಸಿದೆ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಡಿಜಿಟಲ್ ಸಸ್ಯಸಂಗ್ರಹವು 2022ರ ಜುಲೈಯಲ್ಲಿ ಕೋಲ್ಕತ್ತದಲ್ಲಿ ಉದ್ಘಾಟನೆಯಾದಾಗ ಅದರಲ್ಲಿ ಸುಮಾರು 1 ಲಕ್ಷ ಮಾದರಿಗಳ ವಿವರವಿತ್ತು. ದೇಶದಲ್ಲಿರುವ ಮಾದರಿಗಳಾದರೋ ಸುಮಾರು 30 ಲಕ್ಷವೆಂದು ಅಂದಾಜು.

ಚಿತ್ರವಿದ್ದರೆ ಹಾಳೆಯೇಕೆ ಎಂಬ ಪ್ರಶ್ನೆಯನ್ನು ದಾನಿಗಳು ಕೇಳುವುದುಂಟು. ಚಿತ್ರದಿಂದ ಪರಾಗವನ್ನು ತೆಗೆಯಲಾಗದು, ಎಲೆಯ ಚೂರಿನಿಂದ ಡಿ.ಎನ್.ಎ. ಪಡೆಯುವಂತೆ ಚಿತ್ರದಿಂದ ಪಡೆಯಲಾಗದು, ಮುಚ್ಚಿಕೊಂಡ ಹೂವನ್ನು ನೆನೆಸಿ ಬಿಡಿಸಿ ನೋಡಲಾಗದು. ಆದುದರಿಂದ ಗಣಕಯಂತ್ರಕ್ಕೆ ಹಣ ಕೊಡುವವರು ಉಕ್ಕಿನ ಕಪಾಟು, ಆಮ್ಲರಹಿತ ಕಾಗದ, ಸೋರದ ಮಾಡು, ಇವುಗಳಿಗೂ ಕೊಡುವುದು ಯುಕ್ತ. ಉದ್ಘಾಟನೆಯ ದಿನ ಕಪಾಟಿನ ಭಾವಚಿತ್ರ ಶೋಭಿಸದಿದ್ದರೂ ದಾಸೋಹದ ಫಲ ಅಲ್ಲಿಯೇ ಹೆಚ್ಚು.

ಈ ಸೀಮೆಯ ಪ್ರೌಢಶಾಲೆ, ಕಾಲೇಜುಗಳ ಜೀವಶಾಸ್ತ್ರ ಪ್ರಯೋಗಾಲಯಗಳಲ್ಲಿಯೂ ವಿದ್ಯಾರ್ಥಿಗಳು ಒಪ್ಪಿಸಿದ ಸಸ್ಯಹಾಳೆಗಳ ಕಟ್ಟುಗಳಿರುವುದುಂಟು. ಪರೀಕ್ಷೆ ಮುಗಿದ ಮೇಲೆ ಅವು ರದ್ದಿಗೆ ಹೋಗುತ್ತವೆ. ಸ್ಥಳ, ದಿನಾಂಕಗಳಿಲ್ಲದ ಹಾಳೆ ಹೋದರೆ ನಷ್ಟವಿಲ್ಲ. ಅವೆರಡೂ ಇರುವ ಹಾಳೆಯನ್ನು ಬೇರ್ಪಡಿಸಿ, ವಿಶ್ವವಿದ್ಯಾಲಯದ ತಜ್ಞರಿಗೆ ತೋರಿಸಿದ ಮೇಲೆಯೇ ಉಳಿದ ಮಾತು. ಹೊಸದಾಗಿ ಸಂಗ್ರಹಿಸುವವರು ಗಿಡಕ್ಕೆ ಆ ಊರಿನಲ್ಲಿರುವ ಕನ್ನಡ, ತೆಲುಗು, ಉರ್ದು, ಲಂಬಾಣಿ ಹೆಸರುಗಳನ್ನೂ, ಮಣ್ಣು ಎರೆಯೋ ಮಸಾರಿಯೋ ಸುಣ್ಣಕಲ್ಲೋ ಎಂಬುದನ್ನೂ ಪೆನ್ಸಿಲಿನಿಂದ ಬರೆದಿಡಬೇಕು. ಶಾಯಿ ನೀರಿಗೆ ಕದಡುತ್ತದೆ, ಪೆನ್ಸಿಲು ಕದಡದು.